4.10ರ ಬಸ್ಸು, 4.30ರ ಮೀಟಿಂಗ್: ಮೆಡಿಕಲ್ ಕಾಲೇಜಿನ ಸಂಶೋಧನೆಯಲ್ಲಿ ಹೆಣ್ಣುಮಕ್ಕಳು ಎಲ್ಲಿ ಹಿಂದೆ ಬೀಳುತ್ತಾರೆ?

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು. ಮೂರೂ ಊರು ಬೆಂಗಳೂರಿನಿಂದ ಹೆಚ್ಚುಕಮ್ಮಿ 60ರಿಂದ 70 ಕಿಲೋಮೀಟರ್. ದಿನಾ ಓಡಾಡಬಹುದು ಅನ್ನಿಸುವಷ್ಟು ಹತ್ತಿರ. ಓಡಾಡಿದರೆ ದಿನದ ಮೂರು ಗಂಟೆ ರಸ್ತೆಯಲ್ಲೇ ಕಳೆಯುವಷ್ಟು ದೂರ. ಈ ಕಡೆಯ ಮೆಡಿಕಲ್ ಕಾಲೇಜುಗಳಲ್ಲಿ ಪಾಠ ಮಾಡುವ ಎಷ್ಟೋ ಡಾಕ್ಟರುಗಳು ಬೆಳಿಗ್ಗೆ ಬೆಂಗಳೂರಿನಲ್ಲಿ ಬಸ್ ಹತ್ತುತ್ತಾರೆ, ಸಂಜೆ ವಾಪಸ್ ಹೋಗುತ್ತಾರೆ.

ನಾನೂ ಹಾಗೇ ಓಡಾಡಿದವಳು. ಈ ಭಾಗದ ಒಂದು ಕಾಲೇಜಿನಲ್ಲಿ ಅಂಕಿಅಂಶದ ಪಾಠ ಮಾಡುತ್ತಿದ್ದೆ. ಯಾರ ಸಂಶೋಧನೆ ಆದರೂ ಲೆಕ್ಕ ಹಾಕಿಸೋಕೆ ನನ್ನ ಟೇಬಲ್ಲಿಗೇ ಬರಬೇಕು. ಹಾಗಾಗಿ ಕೆಲಸ ಯಾರು ಮಾಡಿದರು, ಕೊನೆಗೆ ಹೆಸರು ಯಾರದ್ದು ಬಂತು, ಎರಡೂ ನನ್ನ ಕಣ್ಣಿಗೆ ಬೀಳುತ್ತಿತ್ತು.

ಆ ಕಾಲೇಜಿನ ಸ್ಟಾಫ್ ಬಸ್ಸು ಸಂಜೆ 4.10ಕ್ಕೆ ಹೊರಡುತ್ತಿತ್ತು. ಸಂಶೋಧನಾ ಸಮಿತಿಯ ಮೀಟಿಂಗ್ ಬುಧವಾರ 4.30ಕ್ಕೆ ಶುರುವಾಗುತ್ತಿತ್ತು.

ಯಾರೂ ಬೇಕಂತ ಮಾಡಿದ್ದಲ್ಲ. ಆ ಹೊತ್ತಿಗೆ ಒಪಿಡಿ ಮುಗಿದಿರುತ್ತದೆ, ಕ್ಲಾಸ್ ಇರುವುದಿಲ್ಲ, ಎಲ್ಲರಿಗೂ ಬಿಡುವು ಅಂತ ಇಟ್ಟುಕೊಂಡಿದ್ದು. ಕೆಲವು ಗಂಡಸರು ಬುಧವಾರ ಆ ಬಸ್ ಬಿಟ್ಟು, ಮೀಟಿಂಗ್ ಮುಗಿಸಿ, ರಾತ್ರಿ ಕೆಂಪು ಬಸ್ಸಲ್ಲಿ ಹೋಗುತ್ತಿದ್ದರು. ಆರು ಗಂಟೆಗೆ ಡೇಕೇರ್‌ನಿಂದ ಮಗುವನ್ನು ಕರೆದುಕೊಳ್ಳಬೇಕಾದ ತಾಯಿಗೆ ಹಾಗೆ ಮಾಡೋಕಾಗುತ್ತದಾ? ನನ್ನ ಮಗ ದೊಡ್ಡವನಾಗಿದ್ದ. ಹಾಗಾಗಿ ನಾನು ಉಳಿಯುತ್ತಿದ್ದೆ. ಕಾಲೇಜಿನ ಹಣ ಯಾವ ಪ್ರಾಜೆಕ್ಟಿಗೆ, ಹೊಸ ಸಮೀಕ್ಷೆಗೆ ಯಾರು ಮುಖ್ಯಸ್ಥರು, ಯಾರ ಹೆಸರು ಸೇರಿಸಬೇಕು ಅನ್ನುವುದೆಲ್ಲ ಅಲ್ಲೇ ತೀರ್ಮಾನವಾಗುತ್ತಿತ್ತು. ಬಸ್ಸು ಆಗಲೇ ಹೈವೇ ಹಿಡಿದಿರುತ್ತಿತ್ತು.

ಹೆಣ್ಣುಮಕ್ಕಳಿಗೆ ಸಂಶೋಧನೆಯಲ್ಲಿ ನ್ಯಾಯ ಸಿಗುತ್ತಿಲ್ಲ ಅಂದಾಗ ತುಂಬ ಜನ ಒಬ್ಬ ಕೆಟ್ಟ ಮನುಷ್ಯನನ್ನು, ಒಂದು ಕೆಟ್ಟ ಮಾತನ್ನು ಹುಡುಕುತ್ತಾರೆ. ಅಂಥವರೂ ಇದ್ದಾರೆ. ಆದರೆ ಜಾಸ್ತಿ ನಷ್ಟ ಆಗುವುದು ಇಂಥ ಇಪ್ಪತ್ತು ನಿಮಿಷಗಳಲ್ಲಿ. ಅವು ಹೇಗೆ ಕೂಡಿಕೊಳ್ಳುತ್ತವೆ ಅಂತ ಬಿಡಿಸಿ ಹೇಳಬೇಕು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಕ್ಲಾಸಲ್ಲಿ ಅರ್ಧ, ಲ್ಯಾಬಲ್ಲಿ ಐದನೇ ಒಂದು

ಇವತ್ತು ಯಾವುದೇ ಎಂಬಿಬಿಎಸ್ ಕ್ಲಾಸಿಗೆ ಹೋಗಿ ನೋಡಿ, ಅರ್ಧದಷ್ಟು ಹುಡುಗಿಯರಿರುತ್ತಾರೆ. ನೀಟ್ ಪಾಸಾಗುವವರಲ್ಲೂ ಈಚಿನ ವರ್ಷಗಳಲ್ಲಿ ಹುಡುಗಿಯರೇ ಜಾಸ್ತಿ. ಆದರೆ ಎಲ್ಲ ವಿಷಯಗಳನ್ನೂ ಸೇರಿಸಿ ನೋಡಿದರೆ ನಮ್ಮ ದೇಶದ ಸಂಶೋಧಕರಲ್ಲಿ ಮಹಿಳೆಯರು ಐದರಲ್ಲಿ ಒಬ್ಬರಿಗಿಂತ ಕಡಿಮೆ. ಜಗತ್ತಿನ ಲೆಕ್ಕ ಹೆಚ್ಚುಕಮ್ಮಿ ಮೂರರಲ್ಲಿ ಒಬ್ಬರು. ವೈದ್ಯಕೀಯದಲ್ಲಿ ಇದಕ್ಕಿಂತ ವಾಸಿ, ನಿಜ. ಆದರೂ ಮೇಲೆ ಹೋದಷ್ಟೂ ಹೆಂಗಸರು ಕಡಿಮೆಯಾಗುತ್ತಾ ಹೋಗುತ್ತಾರೆ.

'ಕಾಲ ಕಳೆದ ಹಾಗೆ ತಾನೇ ಸರಿಹೋಗುತ್ತೆ ಬಿಡಿ' ಅನ್ನುವವರಿದ್ದಾರೆ. ಅಮೆರಿಕದ ಆರು ದೊಡ್ಡ ವೈದ್ಯಕೀಯ ಪತ್ರಿಕೆಗಳನ್ನು ಒಂದು ಅಧ್ಯಯನದಲ್ಲಿ ತಿರುವಿ ನೋಡಿದರು. ಮೊದಲ ಲೇಖಕಿಯರ ಪಾಲು 1970ರಲ್ಲಿ ನೂರಕ್ಕೆ 5.9 ಇತ್ತು. 2004ರಲ್ಲಿ 29.3 ಆಗಿತ್ತು. ಕೊನೆಯ ಹೆಸರಿನ ಜಾಗದಲ್ಲಿ 3.7ರಿಂದ 19.3ಕ್ಕೆ ಬಂದಿತ್ತು. 34 ವರ್ಷ ಕಳೆದ ಮೇಲೂ ಇಷ್ಟೇ.

ಮೊದಲ ಹೆಸರು, ಕೊನೆಯ ಹೆಸರು ಅಂದರೆ ಏನು ಅಂತ ಸ್ವಲ್ಪ ನಿಧಾನವಾಗಿ ಹೇಳಬೇಕು. ಇಡೀ ವಿಷಯದ ಬೇರು ಇಲ್ಲೇ ಇದೆ.

ಮೆಡಿಕಲ್ ಕಾಲೇಜಿನ ಡಾಕ್ಟರಿಗೆ ಮೂರು ಕೆಲಸ. ರೋಗಿಗಳನ್ನು ನೋಡಬೇಕು, ಪಾಠ ಮಾಡಬೇಕು, ಸಂಶೋಧನೆ ಮಾಡಬೇಕು. ಮೊದಲ ಎರಡಕ್ಕೆ ಹಾಜರಿ ಇದೆ. ಆಧಾರ್ ಹಾಜರಿ ಬಂದ ಮೇಲಂತೂ ನಿಮಿಷ ನಿಮಿಷಕ್ಕೂ ಲೆಕ್ಕ. ಮೂರನೆಯದಕ್ಕೆ ಇಂಥ ಗಂಟೆ ಅಂತ ಯಾರೂ ಕೊಡುವುದಿಲ್ಲ. ಬಿಡುವಿದ್ದಾಗ ಮಾಡಿಕೊಳ್ಳಿ ಅಂತಷ್ಟೇ. ಆದರೆ ಬಡ್ತಿ ನಿಂತಿರುವುದು ಈ ಮೂರನೆಯದರ ಮೇಲೆ. ಸಹಾಯಕ ಪ್ರಾಧ್ಯಾಪಕಿ ಸಹ ಪ್ರಾಧ್ಯಾಪಕಿ ಆಗಬೇಕಾದರೆ 4 ವರ್ಷದ ಅನುಭವ ಸಾಲದು, ಪ್ರಕಟವಾದ ಪ್ರಬಂಧಗಳೂ ಬೇಕು. ಪ್ರಬಂಧದಲ್ಲಿ ನಿಮ್ಮ ಹೆಸರು ಎಲ್ಲೋ ಒಂದು ಕಡೆ ಇದ್ದರೂ ಸಾಲದು. ಎಷ್ಟನೆಯ ಹೆಸರು ಅನ್ನುವುದಕ್ಕೂ ಬೆಲೆ ಇದೆ.

ಮೊದಲ ಹೆಸರು ಅಂದರೆ ಈ ಕೆಲಸ ಮುಖ್ಯವಾಗಿ ಮಾಡಿದವರು. ಕೊನೆಯ ಹೆಸರು ಅಂದರೆ ಸಾಮಾನ್ಯವಾಗಿ ಹಿರಿಯರು, ದಾರಿ ತೋರಿಸಿದವರು, ಹಣ ತಂದವರು. ಪತ್ರಿಕೆಯ ಜೊತೆ ಪತ್ರವ್ಯವಹಾರ ಮಾಡುವವರದ್ದು ಇನ್ನೊಂದು ಬೆಲೆಯುಳ್ಳ ಜಾಗ. ನಡುವೆ ಇರುವ ನಾಲ್ಕನೆಯ, ಐದನೆಯ ಹೆಸರುಗಳು ಮದುವೆ ಕಾರ್ಡಿನ ಕೆಳಗೆ 'ಸುಖಾಗಮನ ಬಯಸುವವರು' ಅಂತ ಬರುತ್ತದಲ್ಲ, ಹಾಗೆ.

ಈಗ ಊರ ಕಡೆಯ ಒಂದು ಉದಾಹರಣೆ ನೋಡೋಣ. ಪಾವಗಡ, ಬಾಗೇಪಲ್ಲಿ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಹಲ್ಲು ಕಂದು ಬಣ್ಣಕ್ಕೆ ತಿರುಗಿದ ಮಕ್ಕಳನ್ನು, ಕೀಲು ನೋವಿಂದ ಬಗ್ಗೋಕಾಗದ ವಯಸ್ಸಾದವರನ್ನು ಅಲ್ಲಿ ನೋಡಬಹುದು. ಇದರ ಬಗ್ಗೆ ಒಂದು ಮನೆಮನೆ ಸಮೀಕ್ಷೆ ಅಂತಿಟ್ಟುಕೊಳ್ಳಿ. ಯಾರು ಹೋಗುತ್ತಾರೆ? ಹೆಣ್ಣುಮಕ್ಕಳು. ಅದಕ್ಕೆ ಕಾರಣವೂ ಇದೆ. ಹಗಲು ಹೊತ್ತು ಮನೆಯಲ್ಲಿ ಹೆಂಗಸರೇ ಇರುತ್ತಾರೆ. ಆಶಾ ಕಾರ್ಯಕರ್ತೆ ಕರೆದುಕೊಂಡು ಹೋಗುತ್ತಾರೆ. 'ಬನ್ನಿ ಮೇಡಂ, ಕೂತ್ಕೊಳ್ಳಿ, ನೀರು ಕುಡೀರಿ' ಅಂತ ಒಳಗೆ ಕರೆಯುವುದು ಹೆಣ್ಣು ಡಾಕ್ಟರನ್ನೇ. ನೀರು ಎಲ್ಲಿಂದ ತರ್ತೀರಿ, ಅಡಿಗೆಗೆ ಯಾವುದು, ಕುಡಿಯೋಕೆ ಯಾವುದು, ಬಸುರಿಯಾಗಿದ್ದಾಗ ಏನು ಕುಡಿದಿರಿ ಅಂತೆಲ್ಲ ಕೇಳಿ ಬರೆದುಕೊಂಡು ಬರುತ್ತಾರೆ. ಆಮೇಲೆ ಡೇಟಾ ಇಲಾಖೆಗೆ ಬರುತ್ತದೆ. ಬರೆಯುವ ಕೆಲಸ ಸಂಜೆಯ ಮೇಲೆ. ಸಂಜೆ ಯಾರಿಗೆ ಪುರುಸೊತ್ತು ಇರುತ್ತದೋ ಅವರು ಬರೆಯುತ್ತಾರೆ, ಅವರ ಹೆಸರು ಮುಂದೆ ಬರುತ್ತದೆ. ಮನೆಮನೆ ಸುತ್ತಿದವಳ ಹೆಸರು ನಡುವೆ ಸೇರುತ್ತದೆ, ಇಲ್ಲವೇ ಕೊನೆಯ 'ಕೃತಜ್ಞತೆ' ಸಾಲಿನಲ್ಲಿ.

ಇದು ನಿಯಮದ ಪ್ರಕಾರವೇ ನಡೆಯಿತು ಅಂತ ಹೇಳುತ್ತಾರೆ. ಡೇಟಾ ತಂದ ಮಾತ್ರಕ್ಕೆ ಲೇಖಕಿ ಆಗುವುದಿಲ್ಲ, ಬರವಣಿಗೆಯಲ್ಲೂ ಪಾಲಿರಬೇಕು ಅಂತ ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ನಿಯಮ ಹೇಳುತ್ತದೆ. ಸರಿ. ಆದರೆ ಅದೇ ನಿಯಮದಲ್ಲಿ ಇನ್ನೊಂದು ಮಾತಿದೆ. ಅಧ್ಯಯನದ ಕೆಲಸದಲ್ಲಿ ಗಣನೀಯ ಪಾಲು ಇರುವವರಿಗೆ ಬರೆಯುವ, ತಿದ್ದುವ, ಒಪ್ಪಿಗೆ ಕೊಡುವ ಅವಕಾಶ ಕೊಡಲೇಬೇಕು. ಅವಕಾಶವನ್ನೇ ಕೊಡದೆ 'ನೀವು ಬರೆದಿಲ್ಲವಲ್ಲ' ಅಂತ ಹೆಸರು ಕೈಬಿಡುವ ಹಾಗಿಲ್ಲ. ಕಾಲೇಜುಗಳಲ್ಲಿ ಮೊದಲನೆಯದು ಎಲ್ಲರಿಗೂ ಬಾಯಿಪಾಠ. ಎರಡನೆಯದು ಯಾರಿಗೂ ನೆನಪಿರುವುದಿಲ್ಲ. ನಿಮ್ಮ ಮಗಳೋ ತಂಗಿಯೋ ಮೆಡಿಕಲ್ ಓದುತ್ತಿದ್ದರೆ ಇದೊಂದನ್ನು ಅವಳಿಗೆ ಹೇಳಿ.

ಬಡ್ತಿ ತಡವಾದರೆ ನಷ್ಟ ಸಂಬಳದ್ದು ಮಾತ್ರ ಅಲ್ಲ. ಎಂಡಿ, ಎಂಎಸ್ ವಿದ್ಯಾರ್ಥಿಗಳು ಒಬ್ಬ ಗೈಡ್ ಕೆಳಗೆ ಪ್ರಬಂಧ ಬರೆಯಬೇಕು. ಪ್ರಾಧ್ಯಾಪಕರಿಗೆ ಇಂಥ ವಿದ್ಯಾರ್ಥಿಗಳು ಜಾಸ್ತಿ ಸಿಗುತ್ತಾರೆ, ಸಹ ಪ್ರಾಧ್ಯಾಪಕರಿಗೆ ಕಡಿಮೆ. ವಿದ್ಯಾರ್ಥಿಗಳು ಜಾಸ್ತಿ ಇದ್ದರೆ ಪ್ರಬಂಧಗಳು ಜಾಸ್ತಿ. ಪ್ರಬಂಧ ಜಾಸ್ತಿ ಇದ್ದರೆ ಹೊರಗಿನ ಹಣ ಸಿಗುವುದು ಸುಲಭ. ಹಣ ಬಂದರೆ ಮತ್ತೆ ಪ್ರಬಂಧ. ಒಂದೇ ದಿನ ಕೆಲಸಕ್ಕೆ ಸೇರಿದ ಇಬ್ಬರಲ್ಲಿ ಒಬ್ಬರು ಎರಡು ವರ್ಷ ಹಿಂದೆ ಬಿದ್ದರೆ, ಹತ್ತು ವರ್ಷ ಕಳೆಯುವಷ್ಟರಲ್ಲಿ ಅದು ಎರಡೇ ವರ್ಷವಾಗಿ ಉಳಿಯುವುದಿಲ್ಲ. ಬಡ್ಡಿಗೆ ಬಡ್ಡಿ ಬೆಳೆದ ಹಾಗೆ ಬೆಳೆಯುತ್ತದೆ.

289 ಮತ್ತು 88

ಸಂಜೆಯ ಪುರುಸೊತ್ತಿನ ಮಾತು ಬಂತಲ್ಲ. ಅದಕ್ಕೂ ಲೆಕ್ಕ ಇದೆ. ಕೇಂದ್ರ ಸರ್ಕಾರ 2024ರಲ್ಲಿ ಸಮಯ ಬಳಕೆಯ ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಕೆಲಸಕ್ಕೆ ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಇಲ್ಲಿ ಒಂದು ಸೂಕ್ಷ್ಮ ಇದೆ, ಅಂಕಿಅಂಶದವಳಾಗಿ ಹೇಳದೆ ಇರೋಕಾಗಲ್ಲ. ಇದು ಮನೆಕೆಲಸ ಮಾಡುವವರ ಸರಾಸರಿ ಮಾತ್ರ. ಮನೆಕೆಲಸವನ್ನು ಮುಟ್ಟದೇ ಇರುವ ಗಂಡಸರು ಆ 88ರಲ್ಲಿ ಸೇರಿಯೇ ಇಲ್ಲ.

ವ್ಯತ್ಯಾಸ ದಿನಕ್ಕೆ 201 ನಿಮಿಷ. ವರ್ಷಕ್ಕೆ ಸುಮಾರು 1,220 ಗಂಟೆ. ದಿನಕ್ಕೆ 8 ಗಂಟೆ ಕೆಲಸ ಅಂತ ಹಿಡಿದರೆ 150ಕ್ಕೂ ಹೆಚ್ಚು ಕೆಲಸದ ದಿನಗಳು. ಇದು ದೇಶದ ಲೆಕ್ಕ. ಡಾಕ್ಟರ ಮನೆಯಲ್ಲಿ ಕೆಲಸಕ್ಕೆ ಸಹಾಯ ಇರಬಹುದು, ಅತ್ತೆಯೋ ಅಮ್ಮನೋ ಕೈಜೋಡಿಸಬಹುದು. ಹಾಗಂತ ಅರ್ಧಕ್ಕೆ ಇಳಿಸಿದರೂ ವರ್ಷಕ್ಕೆ 75 ದಿನ. ಒಂದು ಪ್ರಬಂಧ ಶುರುವಿನಿಂದ ಕೊನೆಯವರೆಗೆ ಬರೆಯೋಕೆ ಅಷ್ಟು ದಿನ ಸಾಕು.

ಹೆರಿಗೆ ರಜೆ ಇದೆಯಲ್ಲ ಅಂತ ಕೇಳುತ್ತಾರೆ. ಇದೆ. 2017ರ ತಿದ್ದುಪಡಿಯಲ್ಲಿ 12 ವಾರ ಇದ್ದದ್ದು ಮೊದಲ ಎರಡು ಮಕ್ಕಳಿಗೆ 26 ವಾರ ಆಯಿತು. ಒಳ್ಳೆಯ ಕಾನೂನು. 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು ಅಂತಲೂ ಅದರಲ್ಲಿದೆ. ಮೆಡಿಕಲ್ ಕಾಲೇಜಿನಲ್ಲಿ 50ಕ್ಕಿಂತ ಕಡಿಮೆ ಜನ ಇರೋಕೆ ಸಾಧ್ಯವೇ ಇಲ್ಲ. ನಿಮ್ಮ ಊರಿನ ಕಾಲೇಜಿಗೆ ಹೋದಾಗ ಆ ಕೇಂದ್ರ ಎಲ್ಲಿದೆ ಅಂತ ಕೇಳಿ ನೋಡಿ. ಅಪ್ಪಂದಿರ ಮಾತು ಬಂದರೆ, ಕೇಂದ್ರ ಸರ್ಕಾರಿ ನೌಕರರಿಗೆ 15 ದಿನ ರಜೆ ಇದೆ. ಖಾಸಗಿಯವರಿಗೆ ಕಾನೂನಿನಲ್ಲಿ ಏನೂ ಇಲ್ಲ. ಮಗು ಅಮ್ಮನ ಕೆಲಸ ಅಂತ ಕಾನೂನೇ ಹೇಳಿದ ಹಾಗಾಯಿತು ಅಲ್ವಾ?

ಬೋರ್‌ವೆಲ್ ಮತ್ತು ಮೋಟಾರು

ಇಲ್ಲಿ ಎರಡು ಪದಗಳನ್ನು ಬಿಡಿಸಿಕೊಳ್ಳಬೇಕು. ಸಮಾನತೆ ಬೇರೆ, ಸಮನ್ಯಾಯ ಬೇರೆ.

ಶ್ರೀನಿವಾಸಪುರದ ಕಡೆ ಅಕ್ಕಪಕ್ಕದ ಇಬ್ಬರು ರೈತರು ಅಂತ ಇಟ್ಟುಕೊಳ್ಳಿ. ಒಬ್ಬರಿಗೆ 300 ಅಡಿಗೆ ನೀರು ಸಿಕ್ಕಿದೆ. ಇನ್ನೊಬ್ಬರಿಗೆ 1,000 ಅಡಿಗೆ. ಇಬ್ಬರಿಗೂ ಐದು ಎಚ್‌ಪಿ ಮೋಟಾರ್ ಕೊಟ್ಟರೆ ಅದು ಸಮಾನತೆ. ಒಬ್ಬರ ಟೊಮೆಟೊ ತೋಟಕ್ಕೆ ನೀರು ಹರಿಯುತ್ತದೆ. ಇನ್ನೊಬ್ಬರ ಪೈಪಲ್ಲಿ ಗಾಳಿ ಬರುತ್ತದೆ. ಇಬ್ಬರ ತೋಟಕ್ಕೂ ನೀರು ಹತ್ತುವ ಹಾಗೆ ಮೋಟಾರ್ ಕೊಡುವುದು ಸಮನ್ಯಾಯ. 'ಅವರಿಗೆ ಯಾಕೆ ದೊಡ್ಡ ಮೋಟಾರ್' ಅಂತ ಮೊದಲನೆಯವರು ಕೇಳಿದರೆ, ಅವರ ನೀರಿನ ಆಳ ತೋರಿಸಬೇಕು. ಇನ್ನೂ ಮುಂದೆ ಹೋಗಿ, ಒಂದೇ ನೆಲದಲ್ಲಿ ಒಬ್ಬರ ನೀರು ಯಾಕೆ ಅಷ್ಟು ಕೆಳಗೆ ಇಳಿಯಿತು ಅಂತಲೂ ಕೇಳಬೇಕು.

ಹೆಂಗಸರಲ್ಲೂ ಎಲ್ಲರ ಆಳ ಒಂದೇ ಅಲ್ಲ. ಬೆಂಗಳೂರಿನಲ್ಲಿ ಡಾಕ್ಟರ ಮಗಳಾಗಿ ಹುಟ್ಟಿ ಬಂದವಳಿಗೂ, ಮನೆತನದಲ್ಲೇ ಮೊದಲು ಕಾಲೇಜು ಮೆಟ್ಟಿಲು ಹತ್ತಿದ ದಲಿತ ಹುಡುಗಿಗೂ ಒಂದೇ ಅಳತೆ ಹಾಕೋಕಾಗಲ್ಲ. ಪ್ರಬಂಧ ಬರೆಯಬೇಕಾದದ್ದು ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಎಷ್ಟೋ ಜಾಣೆಯರು ಮೊದಲ ಪ್ಯಾರಾದಲ್ಲೇ ನಿಂತುಬಿಟ್ಟಿದ್ದನ್ನು ನನ್ನ ಟೇಬಲ್ಲಿನ ಎದುರಿಗೇ ನೋಡಿದ್ದೇನೆ. ಅವರ ಲೆಕ್ಕ ಸರಿ ಇರುತ್ತಿತ್ತು, ಯೋಚನೆ ಸರಿ ಇರುತ್ತಿತ್ತು. ತಿದ್ದಿಕೊಡುವವರು ಇರುತ್ತಿರಲಿಲ್ಲ.

ಪ್ರತಿಭೆ ಇದ್ದವರು ಮೇಲೆ ಬರಲ್ವಾ?

ಈ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಯೋಗ್ಯತೆಯಲ್ಲೇ ವ್ಯತ್ಯಾಸ ಇದ್ದರೆ ಉಳಿದ ಮಾತೆಲ್ಲ ಬಿದ್ದುಹೋಗುತ್ತದೆ. ಆದ್ದರಿಂದ ಅಳೆದು ನೋಡಿದವರ ಕಡೆ ಹೋಗೋಣ.

ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು, ಕ್ರಿಸ್ಟೀನ್ ವೆನ್ನೆರೋಸ್ ಮತ್ತು ಆಗ್ನೆಸ್ ವೋಲ್ಡ್, ತಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಅಂಕ ಕೊಟ್ಟ ಕಾಗದಗಳನ್ನು ಕೇಳಿದರು. ಮಂಡಳಿ ಕೊಡಲಿಲ್ಲ. ಕೋರ್ಟಿನ ತೀರ್ಪು ಪಡೆದು ತೆಗೆಸಿಕೊಂಡರು. 1995ರ ಫೆಲೋಶಿಪ್‌ಗೆ 62 ಗಂಡಸರು, 52 ಹೆಂಗಸರು ಅರ್ಜಿ ಹಾಕಿದ್ದರು. ಸಿಕ್ಕಿದ್ದು 16 ಗಂಡಸರಿಗೆ, 4 ಹೆಂಗಸರಿಗೆ. ಅರ್ಜಿದಾರರ ಪ್ರಬಂಧಗಳನ್ನು ಲೆಕ್ಕ ಹಾಕಿ ನೋಡಿದಾಗ, ಒಬ್ಬ ಗಂಡಸಿಗೆ ಸಿಕ್ಕಿದಷ್ಟೇ ಅಂಕ ಸಿಗಬೇಕಾದರೆ ಒಬ್ಬ ಹೆಂಗಸು ಅವನ ಎರಡೂವರೆ ಪಟ್ಟು ಕೆಲಸ ಮಾಡಿರಬೇಕು ಅಂತ ಗೊತ್ತಾಯಿತು. 1997ರಲ್ಲಿ ಇದು ಪ್ರಕಟವಾಯಿತು. ಹೆಣ್ಣು ಗಂಡು ಸಮಾನತೆಗೆ ಹೆಸರಾದ ದೇಶದ ಕಥೆ ಇದು.

2012ರಲ್ಲಿ ಅಮೆರಿಕದಲ್ಲಿ ಇನ್ನೊಂದು ಪರೀಕ್ಷೆ ನಡೆಯಿತು. ಲ್ಯಾಬ್ ಮ್ಯಾನೇಜರ್ ಕೆಲಸಕ್ಕೆ ಒಂದೇ ಅರ್ಜಿಯನ್ನು 127 ವಿಜ್ಞಾನದ ಪ್ರಾಧ್ಯಾಪಕರಿಗೆ ಕಳಿಸಿದರು. ಕೆಲವಕ್ಕೆ ಜಾನ್ ಅಂತ ಹೆಸರು, ಉಳಿದವಕ್ಕೆ ಜೆನಿಫರ್ ಅಂತ. ಬೇರೆ ಒಂದಕ್ಷರವೂ ವ್ಯತ್ಯಾಸ ಇಲ್ಲ. ಜಾನ್ ಜಾಸ್ತಿ ಸಮರ್ಥ ಅನ್ನಿಸಿದ. ಅವನಿಗೆ ವರ್ಷಕ್ಕೆ ಸುಮಾರು 30,200 ಡಾಲರ್ ಕೊಡಬಹುದು ಅಂದರು. ಜೆನಿಫರ್‌ಗೆ ಸುಮಾರು 26,500. ಹೀಗೆ ಜಾನ್ ಕಡೆ ವಾಲುವುದರಲ್ಲಿ ಮಹಿಳಾ ಪ್ರಾಧ್ಯಾಪಕರೂ ಗಂಡಸರಿಗಿಂತ ಕಡಿಮೆ ಇರಲಿಲ್ಲ. ಇದನ್ನು ಓದಿದ ಮೇಲೆ ನಾನು ಮಾರ್ಕ್ಸ್ ಹಾಕುವ ಮೊದಲು ಉತ್ತರ ಪತ್ರಿಕೆಯ ಹೆಸರನ್ನು ಮಡಚುವ ಅಭ್ಯಾಸ ಮಾಡಿಕೊಂಡೆ. ನನ್ನ ಕಣ್ಣನ್ನೂ ನಾನು ಪೂರ್ತಿ ನಂಬಬಾರದು.

ನನಗೆ ಎಲ್ಲಕ್ಕಿಂತ ಉಪಯೋಗ ಅನ್ನಿಸುವುದು ಕೆನಡಾದ ಅಧ್ಯಯನ. ಅಲ್ಲಿನ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ 2014ರಲ್ಲಿ ಹಣ ಕೊಡುವ ದಾರಿಯನ್ನು ಎರಡಾಗಿ ಒಡೆಯಿತು. ಒಂದರಲ್ಲಿ ಪರೀಕ್ಷಕರು ಮುಖ್ಯವಾಗಿ ನೋಡಬೇಕಾದದ್ದು ಸಂಶೋಧನೆಯ ಯೋಜನೆಯನ್ನು. ಇನ್ನೊಂದರಲ್ಲಿ ಮುಖ್ಯವಾಗಿ ಆ ವಿಜ್ಞಾನಿ ಎಂಥವರು ಅನ್ನುವುದನ್ನು. ಸುಮಾರು 24,000 ಅರ್ಜಿಗಳನ್ನು ಜಾಲಾಡಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಯೋಜನೆಯನ್ನು ನೋಡಿದಾಗ ಗಂಡಸರಿಗೂ ಹೆಂಗಸರಿಗೂ ಇದ್ದ ಅಂತರ ನೂರಕ್ಕೆ 0.9. ವ್ಯಕ್ತಿಯನ್ನು ನೋಡಿದಾಗ 4. ಒಟ್ಟಾರೆ ನೂರರಲ್ಲಿ ಸುಮಾರು 16 ಅರ್ಜಿಗೆ ಮಾತ್ರ ಹಣ ಸಿಗುವ ಕಡೆ 4 ಅಂದರೆ ಸಣ್ಣ ಮಾತಲ್ಲ.

ಇದರ ಅರ್ಥ ಸ್ವಲ್ಪ ಯೋಚಿಸಿ. ಹೆಣ್ಣುಮಕ್ಕಳ ವಿಜ್ಞಾನ ಕಡಿಮೆ ಗುಣಮಟ್ಟದ್ದಾಗಿದ್ದರೆ ವಿಜ್ಞಾನ ನೋಡುವ ದಾರಿಯಲ್ಲೇ ದೊಡ್ಡ ಅಂತರ ಬರಬೇಕಿತ್ತು. ಬರಲಿಲ್ಲ. 'ಎಂಥವರು' ಅಂತ ಕೇಳಿದ ತಕ್ಷಣ ಅಂತರ ಬೆಳೆಯಿತು. ಅಂದರೆ ಪ್ರಶ್ನೆ ಕೇಳುವ ರೀತಿ ಬದಲಿಸಿದರೆ ಉತ್ತರ ಬದಲಾಗುತ್ತದೆ. ಮನುಷ್ಯರ ಮನಸ್ಸು ಬದಲಾಗುವವರೆಗೆ ಕಾಯಬೇಕಾಗಿಲ್ಲ. ಅರ್ಜಿಯ ಫಾರಂ ಬದಲಿಸಿದರೂ ಒಂದಷ್ಟು ನ್ಯಾಯ ಸಿಗುತ್ತದೆ. ಚಿಕ್ಕ ಊರಿನ ಕಾಲೇಜಿಗೂ ಇದು ಕೈಗೆ ಎಟುಕುವ ಕೆಲಸ.

ರೋಗಿಗೂ ಇದಕ್ಕೂ ಏನು ಸಂಬಂಧ?

ಡಾಕ್ಟರುಗಳ ಬಡ್ತಿ ವಿಚಾರ ನಮಗ್ಯಾಕೆ ಅಂತ ಓದುವವರಿಗೆ ಅನ್ನಿಸಬಹುದು. ಕೋಲಾರದ ಚಿನ್ನದ ಗಣಿಯಿಂದ ಶುರು ಮಾಡುತ್ತೇನೆ. ಗಣಿಯ ಧೂಳಿನಿಂದ ಕಾರ್ಮಿಕರ ಶ್ವಾಸಕೋಶ ಕಲ್ಲಾಗುವ ಸಿಲಿಕೋಸಿಸ್ ಬಗ್ಗೆ 1940ರ ದಶಕದಲ್ಲೇ ಕೆಜಿಎಫ್‌ನಲ್ಲಿ ಸಾವಿರಾರು ಜನರನ್ನು ಪರೀಕ್ಷೆ ಮಾಡಿ ಅಧ್ಯಯನ ನಡೆದಿತ್ತು. ಮಾಡಲೇಬೇಕಾದ ಕೆಲಸ ಅದು. ಅಲ್ಲಿಂದ ಸ್ವಲ್ಪ ದೂರದಲ್ಲಿ ಶಿಡ್ಲಘಟ್ಟ. ರೇಷ್ಮೆ ನೂಲು ಬಿಚ್ಚುವ ಮನೆಗಳಲ್ಲಿ ಹೆಂಗಸರು ದಿನವಿಡೀ ಬಿಸಿನೀರಿನಲ್ಲಿ ಕೈಯಿಟ್ಟು ಗೂಡಿನಿಂದ ಎಳೆ ತೆಗೆಯುತ್ತಾರೆ. ಬೆರಳ ಸಂದಿ ಬೆಂದು ಬಿರಿಯುತ್ತದೆ. ಹಬೆ, ಒಲೆಯ ಹೊಗೆ, ಹುಳುವಿನ ವಾಸನೆ ಮೂಗಿಗೆ ಹೋಗುತ್ತದೆ. ಉಬ್ಬಸ ಬರುತ್ತದೆ. ಇದನ್ನೂ ಅಳೆಯಬೇಕು, ಬರೆಯಬೇಕು. ಈ ಪ್ರಶ್ನೆ ಯಾರಿಗೆ ಮೊದಲು ಹೊಳೆಯುತ್ತದೆ? ಆ ಕೈಗಳನ್ನು ಹತ್ತಿರದಿಂದ ನೋಡಿದವರಿಗೆ.

ಇದು ನನ್ನ ಊಹೆ ಅಷ್ಟೇ ಅಲ್ಲ. 15 ಲಕ್ಷಕ್ಕೂ ಹೆಚ್ಚು ವೈದ್ಯಕೀಯ ಪ್ರಬಂಧಗಳನ್ನು ಪರಿಶೀಲಿಸಿದ 2017ರ ಒಂದು ಅಧ್ಯಯನದಲ್ಲಿ, ಮಹಿಳೆಯರು ಮೊದಲ ಮತ್ತು ಕೊನೆಯ ಲೇಖಕರಾಗಿದ್ದಾಗ ರೋಗ ಗಂಡಿನಲ್ಲಿ ಹೇಗೆ, ಹೆಣ್ಣಿನಲ್ಲಿ ಹೇಗೆ ಅಂತ ಬೇರೆ ಬೇರೆ ನೋಡುವುದು ಜಾಸ್ತಿ ಅಂತ ಕಂಡುಬಂತು. ಹಾಗೆ ಬೇರೆ ನೋಡದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಜೋಲ್ಪಿಡೆಮ್ ಅನ್ನುವ ನಿದ್ರೆ ಮಾತ್ರೆ ಸಾಕ್ಷಿ. ವರ್ಷಗಟ್ಟಲೆ ಗಂಡಸರಿಗೂ ಹೆಂಗಸರಿಗೂ ಒಂದೇ ಪ್ರಮಾಣ ಕೊಡುತ್ತಿದ್ದರು. ಹೆಂಗಸರ ಮೈಯಿಂದ ಅದು ನಿಧಾನವಾಗಿ ಹೊರಹೋಗುತ್ತದೆ, ಬೆಳಿಗ್ಗೆ ಗಾಡಿ ಓಡಿಸುವಾಗಲೂ ಮಂಪರು ಉಳಿದಿರುತ್ತದೆ ಅಂತ ಗೊತ್ತಾಗಿ 2013ರಲ್ಲಿ ಅಮೆರಿಕದ ಔಷಧ ಇಲಾಖೆ ಹೆಂಗಸರ ಪ್ರಮಾಣವನ್ನು 10 ಮಿಲಿಗ್ರಾಂನಿಂದ 5ಕ್ಕೆ ಇಳಿಸಿತು.

ಹೆದರಿಕೆಯ ಲೆಕ್ಕ

ಇನ್ನೊಂದು ವಿಷಯ ಇದೆ, ಇದನ್ನು ಹೇಳದೆ ಮುಂದೆ ಹೋಗಬಾರದು. ಎಂಡಿ ವಿದ್ಯಾರ್ಥಿನಿಯ ಪ್ರಬಂಧಕ್ಕೆ ಗೈಡ್ ಸಹಿ ಬೇಕು. ಮೂರು ವರ್ಷದ ಓದು ಆ ಒಂದು ಸಹಿಯ ಮೇಲೆ ನಿಂತಿರುತ್ತದೆ. ಅಲ್ಲಿ ಕಿರುಕುಳ ಆದರೆ ಬಾಯಿ ಬಿಡುವುದು ಎಷ್ಟು ಕಷ್ಟ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನಿನ ಪ್ರಕಾರ 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಬೇಕು. ಹಿರಿಯ ಮಹಿಳೆಯೇ ಅಧ್ಯಕ್ಷರು, ಅರ್ಧದಷ್ಟಾದರೂ ಮಹಿಳೆಯರು, ಹೊರಗಿನ ಒಬ್ಬರು ಸದಸ್ಯರು. ದೂರು ಮೂರು ತಿಂಗಳ ಒಳಗೆ ಕೊಡಬೇಕು, ಸಕಾರಣ ಇದ್ದರೆ ಇನ್ನೂ ಮೂರು ತಿಂಗಳು ಸಿಗುತ್ತದೆ. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಹೊರಗಿನ ಸದಸ್ಯರು ನಿಜವಾಗಿಯೂ ಹೊರಗಿನವರಾ, ಆಡಳಿತದವರ ಪರಿಚಯದವರಾ ಅನ್ನುವುದರಲ್ಲೇ ಸಮಿತಿಯ ಜೀವ ಇದೆ.

2024ರ ಆಗಸ್ಟ್‌ನಲ್ಲಿ ಕೋಲ್ಕತ್ತಾದ ಆರ್ ಜಿ ಕರ್ ಆಸ್ಪತ್ರೆಯಲ್ಲಿ ರಾತ್ರಿ ಡ್ಯೂಟಿಯಲ್ಲಿದ್ದ ಡಾಕ್ಟರ್ ಮೇಲೆ ಅತ್ಯಾಚಾರ, ಕೊಲೆ ನಡೆದ ಮೇಲೆ ನಮ್ಮ ಕಡೆಯ ಮನೆಗಳಲ್ಲೂ 'ರಾತ್ರಿ ಲ್ಯಾಬಿಗೆ ಹೋಗಬೇಡ ಕಣಮ್ಮಾ' ಅನ್ನುವ ಮಾತು ಜಾಸ್ತಿಯಾಯಿತು. ಅಮ್ಮಂದಿರು ಹೆದರುವುದು ಸಹಜ. ಆದರೆ ರಾತ್ರಿ ಲ್ಯಾಬ್ ಮುಚ್ಚಿದ್ದು ಹುಡುಗಿಯರಿಗೆ ಮಾತ್ರ. ಬೆಳಕು, ಬೀಗ, ಕಾವಲು ಕೊಡಬೇಕಾದ ಕಡೆ ಹುಡುಗಿಯರನ್ನೇ ಮನೆಗೆ ಕಳಿಸಿದರೆ ಅದು ರಕ್ಷಣೆ ಅಲ್ಲ.

ಟೇಪು ಹಿಡಿದು ಅಳೆದವರು

1990ರ ದಶಕದಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ನ್ಯಾನ್ಸಿ ಹಾಪ್ಕಿನ್ಸ್ ಅನ್ನುವ ಜೀವವಿಜ್ಞಾನಿ ಇದ್ದರು. ಮೀನುಗಳ ಮೇಲೆ ಸಂಶೋಧನೆ ಮಾಡೋಕೆ ತೊಟ್ಟಿ ಇಡಲು ಸ್ವಲ್ಪ ಜಾಗ ಕೇಳಿದರು. ನಿಮಗೆ ಸಾಕಷ್ಟಿದೆ ಅಂದರು. ಅವರು ವಾದ ಮಾಡುತ್ತಾ ಕೂರಲಿಲ್ಲ. ಅಳತೆ ಟೇಪು ತೆಗೆದುಕೊಂಡು ಒಂದೊಂದೇ ಲ್ಯಾಬನ್ನು ಅಳೆದರು. ತಮಗಿಂತ ಗಂಡಸರಿಗೆ ಎಷ್ಟು ಜಾಸ್ತಿ ಜಾಗ ಇದೆ ಅಂತ ಚದರ ಅಡಿಯಲ್ಲಿ ತೋರಿಸಿದರು. ಆಗ ಆ ವಿಜ್ಞಾನ ವಿಭಾಗದಲ್ಲಿ ಕಾಯಂ ಪ್ರಾಧ್ಯಾಪಕಿಯರು 15, ಗಂಡಸರು 197. 1999ರಲ್ಲಿ ಎಂಐಟಿ ತನ್ನ ತಪ್ಪನ್ನು ಒಪ್ಪಿ ವರದಿ ಪ್ರಕಟಿಸಿತು.

ಬ್ರಿಟನ್‌ನಲ್ಲಿ 2005ರಲ್ಲಿ ಅಥೀನಾ ಸ್ವಾನ್ ಅನ್ನುವ ಪದ್ಧತಿ ಬಂತು. ಸಂಸ್ಥೆಗಳು ತಮ್ಮ ಲೆಕ್ಕವನ್ನು ತಾವೇ ತೆರೆದಿಟ್ಟು, ತಿದ್ದಿಕೊಳ್ಳುವ ಯೋಜನೆ ಕೊಟ್ಟು, ಕಂಚು ಬೆಳ್ಳಿ ಚಿನ್ನದ ದರ್ಜೆ ಪಡೆಯಬೇಕು. ಶುರುವಿನಲ್ಲಿ ಯಾರೂ ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ. 2011ರಲ್ಲಿ ಇಂಗ್ಲೆಂಡಿನ ಮುಖ್ಯ ವೈದ್ಯಾಧಿಕಾರಿ ಸ್ಯಾಲಿ ಡೇವಿಸ್, ಬೆಳ್ಳಿ ದರ್ಜೆ ಇಲ್ಲದ ಮೆಡಿಕಲ್ ಕಾಲೇಜುಗಳಿಗೆ ಮುಂದೆ ಕೆಲವು ದೊಡ್ಡ ಸಂಶೋಧನಾ ಹಣ ಸಿಗುವುದಿಲ್ಲ ಅಂದರು. ಆಗ ಎಲ್ಲರೂ ಎದ್ದು ಕೂತರು. ಹಣಕ್ಕೆ ಗಂಟು ಹಾಕಿದರೆ ಕೆಲಸ ಆಗುತ್ತದೆ. ಆದರೆ ಅರ್ಜಿ ತುಂಬುವ ಕೆಲಸ ಬಹಳ ಕಡೆ ಮತ್ತೆ ಹೆಂಗಸರ ತಲೆಗೇ ಬಂತು. ಕಾಗದ ಪತ್ರ ಜಾಸ್ತಿಯಾಯಿತು ಅಂತ 2020ರಲ್ಲಿ ಆ ಷರತ್ತನ್ನು ತೆಗೆದರು. ನನ್ನ ಪ್ರಕಾರ ಷರತ್ತು ಉಳಿಸಿಕೊಂಡು ಕಾಗದ ಕಡಿಮೆ ಮಾಡಬೇಕಿತ್ತು.

ನಮ್ಮಲ್ಲೂ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಅದೇ ಮಾದರಿಯಲ್ಲಿ 'ಗತಿ' ಅನ್ನುವ ಕಾರ್ಯಕ್ರಮವನ್ನು 30 ಸಂಸ್ಥೆಗಳಲ್ಲಿ ಪ್ರಯೋಗಕ್ಕೆ ತಂದಿತು. ಮಕ್ಕಳ ಕಾರಣಕ್ಕೋ ಮನೆಯ ಕಾರಣಕ್ಕೋ ಸಂಶೋಧನೆ ಬಿಟ್ಟವರು ವಾಪಸ್ ಬರೋಕೆ ಅದೇ ಇಲಾಖೆಯ ವೈಸ್-ಕಿರಣ್ ಫೆಲೋಶಿಪ್‌ಗಳಿವೆ. ಜೈವಿಕ ತಂತ್ರಜ್ಞಾನ ಇಲಾಖೆಯ ಬಯೋಕೇರ್ ಇದೆ. ಬಿಟ್ಟು ಮನೆಯಲ್ಲಿ ಕೂತಿರುವ ಗೆಳತಿ ಇದ್ದರೆ ಈ ಹೆಸರುಗಳನ್ನು ಬರೆದು ಕಳಿಸಿ.

ಇನ್ನು ನನ್ನ ಕಾಲೇಜಿನ ಬುಧವಾರದ ಕಥೆ. ಹಾಪ್ಕಿನ್ಸ್ ಅವರ ಟೇಪಿನ ಕಥೆ ಓದಿದ ಮೇಲೆ ನಾನು ಒಂದು ವರ್ಷದ ಮೀಟಿಂಗ್ ಹಾಜರಿ ಪುಸ್ತಕ ತೆಗೆದುಕೊಂಡು ಕೂತೆ. ಒಂದು ಹಾಳೆಯಲ್ಲಿ ಎರಡು ಕಂಬಸಾಲು ಹಾಕಿದೆ. ಸಮಿತಿಯಲ್ಲಿ ಇರುವವರು, ನಿಜವಾಗಿ ಬಂದವರು. ಪಕ್ಕದಲ್ಲಿ ಬಸ್ ಹೊರಡುವ ಹೊತ್ತು ಬರೆದೆ. ಬೇರೆ ಒಂದು ಮಾತೂ ಬರೆಯಲಿಲ್ಲ. ಸಮಿತಿಯ ಅಧ್ಯಕ್ಷರ ಟೇಬಲ್ ಮೇಲೆ ಇಟ್ಟು ಬಂದೆ. ಅವರು ಹಿರಿಯರು, ಒಳ್ಳೆಯವರು. ಮಧ್ಯಾಹ್ನ ಕರೆಸಿದರು. ಹಾಳೆ ಕೈಯಲ್ಲೇ ಇತ್ತು. 'ಅವರಿಗೆ ಆಸಕ್ತಿ ಇಲ್ಲ ಅಂತ ಅಂದುಕೊಂಡುಬಿಟ್ಟಿದ್ದೆನಲ್ಲಮ್ಮ' ಅಂದರು.

ಮುಂದಿನ ತಿಂಗಳಿಂದ ಮೀಟಿಂಗ್ ಬುಧವಾರ 12 ಗಂಟೆಗೆ ಬಂತು. ಮೊದಲ ದಿನವೇ ಶಿಡ್ಲಘಟ್ಟದ ಕಡೆಯಿಂದ ಬಂದ ಒಬ್ಬ ಸಹಾಯಕ ಪ್ರಾಧ್ಯಾಪಕಿ ನೂಲು ಬಿಚ್ಚುವವರ ಕೈಗಳ ಮೇಲೆ ಅಧ್ಯಯನ ಮಾಡಬೇಕು ಅಂತ ಎದ್ದು ನಿಂತಳು. ಎರಡು ವರ್ಷದಿಂದ ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದಳಂತೆ. ಅವಳ ಅಜ್ಜಿ ಅದೇ ಕೆಲಸ ಮಾಡಿದವರು. ಸಂಜೆ 4.10ರ ಬಸ್ಸಲ್ಲಿ ನನ್ನ ಪಕ್ಕ ಬಂದು ಕೂತು, 'ಎಷ್ಟು ಜನರ ಕೈ ನೋಡಿದರೆ ಸಾಕಾಗುತ್ತೆ ಮೇಡಂ?' ಅಂತ ಕೇಳಿದಳು. ಟಿಕೆಟ್ಟಿನ ಹಿಂಭಾಗದಲ್ಲಿ ಲೆಕ್ಕ ಶುರು ಮಾಡಿದೆವು. ಜಾಗ ಸಾಲದೆ ಅವಳ ಡೈರಿಯ ಕೊನೆಯ ಪುಟಕ್ಕೆ ಹೋದೆವು.